ಮಗುವಿನ ಮಾತು ಲೆಕ್ಕ ಹಾಕುವಾಗ ಅಜ್ಜಿಯ ತುಳುವನ್ನೂ ಸೇರಿಸಿ

ಎರಡು ವರ್ಷದ ಮಗುವಿಗೆ ಇನ್ನೂ ಮಾತು ಬಂದಿಲ್ಲ ಅಂದರೆ ನಮ್ಮ ಮಂಗಳೂರಿನಲ್ಲಿ ಸುತ್ತಲಿನವರು ಹೇಳುವುದು ಎರಡೇ. ಒಂದು, "ಮನೆಯಲ್ಲಿ ಭಾಷೆ ಜಾಸ್ತಿ ಆಯ್ತು, ಮಗುವಿಗೆ ಕನ್ಫ್ಯೂಸ್ ಆಗಿದೆ." ಇನ್ನೊಂದು, "ಇವನ ಅಪ್ಪನೂ ಮೂರು ವರ್ಷದ ಮೇಲೇ ಮಾತಾಡಿದ್ದು, ಸುಮ್ನೆ ಹೆದರಬೇಡ." ನಾನು ಸ್ಪೀಚ್ ಥೆರಪಿಸ್ಟ್. ಈ ಮಾತು ಕೇಳದ ವಾರವೇ ಇಲ್ಲ. ಎರಡರಿಂದಲೂ ಮಕ್ಕಳಿಗೆ ನಷ್ಟ ಆಗುವುದನ್ನು ನೋಡುತ್ತಾ ಇದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಭಾಷೆಯ ವಿಷಯ. ಅಜ್ಜಿ ತುಳು, ಅಪ್ಪ ಅಮ್ಮ ಕನ್ನಡ, ಪಕ್ಕದ ಮನೆಯವರು ಕೊಂಕಣಿ, ಎದುರಿನ ಅಂಗಡಿಯವರು ಬ್ಯಾರಿ, ಪ್ಲೇ ಸ್ಕೂಲಿನಲ್ಲಿ ಇಂಗ್ಲಿಷ್. ಇಲ್ಲಿ ಇದೇನು ವಿಶೇಷ ಅಲ್ಲ. ಹಲವು ಭಾಷೆ ಕಿವಿಗೆ ಬಿದ್ದ ಮಾತ್ರಕ್ಕೆ ಯಾವ ಮಗುವಿಗೂ ಮಾತಿನ ತೊಂದರೆ ಬರುವುದಿಲ್ಲ. ಒಂದೊಂದೇ ಭಾಷೆಯನ್ನು ತೆಗೆದು ನೋಡಿದರೆ ಪದ ಕಡಿಮೆ ಕಾಣಬಹುದು, ಆದರೆ ಎಲ್ಲವನ್ನೂ ಕೂಡಿಸಿ ಎಣಿಸಬೇಕು. ಎರಡು ವರ್ಷ ತುಂಬುವಾಗ ಸುಮಾರು 50 ಪದ, ಎರಡು ಪದ ಜೋಡಿಸಿ ಹೇಳುವುದು, ಇದು ನಾವು ಸಾಮಾನ್ಯವಾಗಿ ನೋಡುವ ಗುರುತು.

ಕಳೆದ ಮಳೆಗಾಲದಲ್ಲಿ ಒಬ್ಬರು ತಾಯಿ ಮಗನನ್ನು ಕರೆದುಕೊಂಡು ಬಂದಿದ್ದರು. ಮೊಬೈಲ್‌ನಲ್ಲಿ ಪಟ್ಟಿ ಮಾಡಿಕೊಂಡು ಬಂದಿದ್ದರು: ಅಮ್ಮ, ಪಪ್ಪ, ಕಾರ್, ಬಾಲ್, ಬಾಯ್, ಅಷ್ಟರಲ್ಲೇ ಮುಗಿದಿತ್ತು. ರಾತ್ರಿ ನಿದ್ದೆ ಇಲ್ಲದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜಿಯನ್ನು ಕೇಳಿದೆ, ಬೆಕ್ಕು ಕಂಡರೆ ಎಂತ ಹೇಳ್ತಾನೆ? "ಪುಚ್ಚೆ." ಹಾಲು ಬೇಕಾದರೆ? "ಪೇರ್." ನಿಮ್ಮನ್ನು ಕರೆಯುವುದು? "ಬಲ." ಪಕ್ಕದ ಮನೆಗೆ ಹೋಗಿ ನೀರು ಕೇಳುವಾಗ ಅವರ ಹಾಗೇ "ಉದಾಕ್" ಅನ್ನುತ್ತಾನಂತೆ. ಆಮೇಲೆ ಅಜ್ಜಿಯೇ ನಗುತ್ತಾ ಹೇಳಿದರು, ಲೋಟ ಹಿಡಿದುಕೊಂಡು ಹೋದರೆ ಸಾಕು, "ಪೇರ್ ಬೊಡ್ಚಿ" ಅಂತ ಓಡುತ್ತಾನೆ. ಹಾಲು ಬೇಡ! ಎರಡು ಪದ ಜೋಡಿಸುವುದು ಅಂದರೆ ಇದೇ. "ಅದನ್ನೂ ಬರೀಬೇಕಾ ಮೇಡಂ? ತುಳು ಅಲ್ವಾ ಅಂತ ಬಿಟ್ಟೆ" ಅಂದರು ಆ ತಾಯಿ. ಬರೀಬೇಕು. ನಾಯಿಗೆ "ಭೌ", ದನಕ್ಕೆ "ಅಂಬಾ" ಅನ್ನುವುದನ್ನೂ ಬರೀಬೇಕು. ಉಚ್ಚಾರ ಸರಿ ಇಲ್ಲದಿದ್ದರೂ ಒಂದೇ ವಸ್ತುವಿಗೆ ಪ್ರತಿ ಸಲ ಅದೇ ಶಬ್ದ ಹೇಳಿದರೆ ಅದು ಪದವೇ.

ಇಂಥ ಮಕ್ಕಳ ಮನೆಯವರಿಗೆ ಯಾರೋ "ಒಂದೇ ಭಾಷೆ ಇಟ್ಟುಕೊಳ್ಳಿ" ಅಂತ ಸಲಹೆ ಕೊಟ್ಟಿರುತ್ತಾರೆ. ಆಗ ಮೊದಲು ಬಾಯಿ ಮುಚ್ಚಿಸುವುದು ಅಜ್ಜಿಯದ್ದು. ಇಡೀ ದಿನ ಮಗುವಿನ ಜೊತೆ ಕೂತು ಕಾಗೆ, ಗುಬ್ಬಿ, ತೆಂಗಿನಕಾಯಿ ಅಂತ ಮಾತಾಡುತ್ತಿದ್ದ ಒಬ್ಬರೇ ಒಬ್ಬರು ಅವರು. ಅವರಿಗೆ ಬಾರದ ಭಾಷೆಯಲ್ಲಿ ಮಾತಾಡಿ ಅಂದರೆ ಅವರು ಸುಮ್ಮನಾಗುತ್ತಾರೆ, ಮಗುವಿನ ಕೈಗೆ ಮೊಬೈಲ್ ಬರುತ್ತದೆ. ನನಗೆ ಇದರಷ್ಟು ಬೇಸರ ಬೇರೆ ಯಾವುದರಿಂದಲೂ ಆಗುವುದಿಲ್ಲ.

ಈಗ ಇನ್ನೊಂದು ಕಡೆ. ಎಲ್ಲಾ ಭಾಷೆ ಕೂಡಿಸಿದ ಮೇಲೂ ಪದ ತೀರಾ ಕಡಿಮೆ ಇದ್ದರೆ, ಭಾಷೆ ಜಾಸ್ತಿ ಆಯ್ತು ಅಂತ ಕಾಯಬಾರದು. ಅಪ್ಪ ತಡವಾಗಿ ಮಾತಾಡಿದ್ದು ನಿಜವೇ ಇರಬಹುದು, ಆದರೆ ಅದು ಈ ಮಗುವಿನ ಪರೀಕ್ಷೆ ಅಲ್ಲ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಹುಟ್ಟಿದಾಗ ಪಾಸ್ ಆದರೂ ಮಾಡಿಸಿ, ಯಾಕೆಂದರೆ ಆಮೇಲೆ ಮತ್ತೆ ಮತ್ತೆ ಶೀತವಾಗಿ ಕಿವಿಯ ಒಳಗೆ ನೀರು ತುಂಬಿಕೊಂಡರೆ ಕೇಳುವುದು ಕಡಿಮೆಯಾಗಬಹುದು. ಬಾಗಿಲು ಬಡಿದರೆ ತಿರುಗಿ ನೋಡುತ್ತಾನೆ ಅಂದ ಮಾತ್ರಕ್ಕೆ ಕಿವಿ ಸರಿ ಇದೆ ಅಂತ ಅಲ್ಲ.

ಪದಕ್ಕಿಂತ ಮೊದಲು ನಾನು ನೋಡುವುದು ಬೆರಳು. ಬಜಪೆ ಕಡೆಯ ಮನೆಗಳಲ್ಲಿ ತಲೆಯ ಮೇಲೇ ವಿಮಾನ ಹೋಗುತ್ತದೆ. ಒಂದೂಕಾಲು ವರ್ಷದ ಹೊತ್ತಿಗೆ ಮಗು ವಿಮಾನ ಕಂಡರೆ ತೋರು ಬೆರಳು ಚಾಚಿ, ಹಿಂದಿರುಗಿ ಅಮ್ಮನ ಮುಖ ನೋಡಿ, ಮತ್ತೆ ವಿಮಾನ ನೋಡುತ್ತದಾ? ಮಗುವಿಗೆ ಏನೂ ಬೇಕಾಗಿಲ್ಲ, ನಾನು ಕಂಡದ್ದನ್ನು ನೀನೂ ನೋಡು ಅಷ್ಟೇ. ಇದು ಇದ್ದು ಮಾತು ಮಾತ್ರ ತಡವಾಗಿದ್ದರೆ ಅದು ಒಂದು ಥರ. ಬೆರಳು ತೋರಿಸುವುದೂ ಇಲ್ಲ, ಹೆಸರು ಕರೆದರೆ ತಿರುಗುವುದೂ ಇಲ್ಲ ಅಂದರೆ ಬೇರೆಯೇ ಥರ. ಆಟಿಸಂ ಇರಬಹುದಾ ಅಂತ ನೋಡಲು ಎಂ-ಚಾಟ್-ಆರ್ ಅಂತ 20 ಪ್ರಶ್ನೆಗಳ ಪಟ್ಟಿ ಇದೆ, 16ರಿಂದ 30 ತಿಂಗಳ ಮಕ್ಕಳಿಗೆ, ಅಪ್ಪ ಅಮ್ಮನೇ ಹೌದು ಇಲ್ಲ ಅಂತ ಉತ್ತರ ಕೊಡುವುದು. ಅದರಲ್ಲಿ ಅಂಕ ಜಾಸ್ತಿ ಬಂತು ಅಂದ ತಕ್ಷಣ ಆಟಿಸಂ ಅಂತ ತೀರ್ಮಾನ ಅಲ್ಲ, ಮುಂದೆ ಸರಿಯಾಗಿ ನೋಡಬೇಕು ಅಂತ.

ಮಾತಿಗೆ ಅಂತ ಬಂದವರನ್ನೂ ನಾನು ಕೂರುವುದು, ನಡೆಯುವುದು, ಬೆರಳಿನಲ್ಲಿ ಹೆಕ್ಕುವುದು ಎಲ್ಲಾ ಕೇಳುತ್ತೇನೆ. ಕುಚ್ಚಲಕ್ಕಿ ಅನ್ನದ ಒಂದು ಅಗುಳು ಬಟ್ಟಲಿನ ಹೊರಗೆ ಬಿದ್ದರೆ, ಹತ್ತು ತಿಂಗಳ ಮಗು ಹೆಬ್ಬೆರಳು ತೋರು ಬೆರಳಿನ ತುದಿಯಲ್ಲಿ ಅದನ್ನು ಹೆಕ್ಕುತ್ತದಾ, ಇಲ್ಲಾ ಇಡೀ ಅಂಗೈಯಲ್ಲಿ ಒರೆಸುತ್ತದಾ? ಇದಕ್ಕೆ ಕಿಟ್ ಬೇಡ. ನಡೆಯುವುದರ ಬಗ್ಗೆ ಮಾತ್ರ ಜನ ಸುಮ್ನೆ ಚಿಂತೆ ಮಾಡುವುದು ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೆಹಲಿಯ ಮಕ್ಕಳೂ ಇದ್ದರು. ಅದರ ಪ್ರಕಾರ ಒಬ್ಬೊಬ್ಬ ಆರೋಗ್ಯವಂತ ಮಗು ತಾನಾಗಿ ನಡೆಯುವುದು 8.2 ತಿಂಗಳಿಂದ 17.6 ತಿಂಗಳ ನಡುವೆ ಯಾವಾಗ ಬೇಕಾದರೂ. ಸುಮಾರು ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲು ಇಡಲೇ ಇಲ್ಲ. ಹಾಗಾಗಿ ಪಕ್ಕದ ಮನೆಯ ಮಗು 11 ತಿಂಗಳಿಗೇ ನಡೆದರೆ ನಿಮ್ಮ ಮಗುವಿಗೆ ಏನೂ ಆಗಿಲ್ಲ. 18 ತಿಂಗಳಾದರೂ ನಡೆಯದಿದ್ದರೆ ತೋರಿಸಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ನೆಲ ತಣ್ಣಗೆ ಅಂತ ಮಗುವನ್ನು ಸೊಂಟದಿಂದ ಇಳಿಸುವುದೇ ಇಲ್ಲ ಕೆಲವರು. ಚಾಪೆ ಹಾಸಿ ಕೆಳಗೆ ಬಿಡಿ. ವಾಕರ್ ಬೇಡ, ಅದರಿಂದ ಬೇಗ ನಡೆಯುವುದಿಲ್ಲ, ಬಿದ್ದು ಪೆಟ್ಟಾಗುತ್ತದೆ. ಕೆನಡಾ 2004ರಲ್ಲೇ ಅದನ್ನು ನಿಷೇಧಿಸಿದೆ.

ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದರೆ ಎರಡು ವರ್ಷದ ತನಕ ವಯಸ್ಸನ್ನು ಸರಿಪಡಿಸಿ ನೋಡಬೇಕು. ಎರಡು ತಿಂಗಳು ಮೊದಲೇ ಹುಟ್ಟಿದ್ದರೆ, ಎಂಟು ತಿಂಗಳಿಗೆ ಆರು ತಿಂಗಳ ಗುರುತು ನೋಡಿ.

ನಮ್ಮ ಪಕ್ಕದ ಕೇರಳದ ತಿರುವನಂತಪುರದಲ್ಲಿ ತಯಾರಾದ, ಮಗುವಿನ ಬೆಳವಣಿಗೆ ನೋಡುವ ಒಂದು ಚಾರ್ಟ್ ನನಗೆ ಬಹಳ ಇಷ್ಟ. ಟಿಡಿಎಸ್‌ಸಿ ಅನ್ನುತ್ತಾರೆ, ಎರಡು ವರ್ಷದ ತನಕ ಬರೀ 17 ಅಂಶ, ಒಂದೊಂದಕ್ಕೂ ಒಂದು ಅಡ್ಡ ಪಟ್ಟಿ. ಮಗುವಿನ ವಯಸ್ಸಿನ ಮೇಲೆ ಪೆನ್ಸಿಲನ್ನು ನೇರ ನಿಲ್ಲಿಸಿ ಇಡುವುದು, ಪೆನ್ಸಿಲಿನ ಎಡಕ್ಕೆ ಪೂರ್ತಿ ಬಿದ್ದದ್ದೆಲ್ಲ ಮಗುವಿಗೆ ಬಂದಿರಬೇಕು. ಬಂದಿಲ್ಲದಿದ್ದರೆ ಮುಂದಕ್ಕೆ ಕಳಿಸುವುದು. ಅಂಗನವಾಡಿಯಲ್ಲೂ ಮಾಡಬಹುದು. ನಿಮ್ಮ ತಾಯಿ ಕಾರ್ಡಿನಲ್ಲೂ ಚಿತ್ರ ಸಮೇತ ಗುರುತುಗಳು ಉಂಟು, ಲಸಿಕೆಯ ಪುಟ ಬಿಟ್ಟು ಬೇರೆ ಪುಟವನ್ನೂ ತೆರೆದು ನೋಡಿ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದವರು ಅಂಗನವಾಡಿಗೆ ಬಂದು ಮಕ್ಕಳನ್ನು ನೋಡುತ್ತಾರೆ, ತೊಂದರೆ ಕಂಡರೆ ಮುಂದಿನ ಪರೀಕ್ಷೆಗೆ ಕಳಿಸುತ್ತಾರೆ, ಅದಕ್ಕೆ ದುಡ್ಡು ಇಲ್ಲ. ಅವರು ಬರುವ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ.

ಯಾರ ಹತ್ತಿರ ಹೋದರೂ ಮನೆಯಲ್ಲಿ ತೆಗೆದ ಎರಡು ಮೂರು ವಿಡಿಯೋ ಇಟ್ಟುಕೊಂಡು ಹೋಗಿ. ಹೊಸ ಜಾಗದಲ್ಲಿ ಮಗು ಬಾಯಿ ಬಿಡದಿರುವುದು ಸಹಜ. ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಮತ್ತೆ ಒಂದು ವಿಷಯಕ್ಕೆ ಮಾತ್ರ ಅಪಾಯಿಂಟ್‌ಮೆಂಟ್ ಮುಂದಕ್ಕೆ ಹಾಕಬೇಡಿ: ಹೇಳುತ್ತಿದ್ದ ಪದ ನಿಂತುಹೋದರೆ, ಟಾಟಾ ಮಾಡುತ್ತಿದ್ದ ಕೈ ಮಾಡುವುದನ್ನೇ ಬಿಟ್ಟರೆ, ನಡೆಯುತ್ತಿದ್ದ ಮಗು ನಡೆಯದಾದರೆ, ವಯಸ್ಸು ಎಷ್ಟೇ ಇರಲಿ, ಆ ವಾರವೇ ಮಕ್ಕಳ ಡಾಕ್ಟರಿಗೆ ತೋರಿಸಿ.