ರಿಪೋರ್ಟಿನಲ್ಲಿ 'ಎಸ್' ಅಂತ ಇದೆಯಲ್ಲ ಮೇಡಂ?

"ಮೇಡಂ, ಆ ಟೈಫಾಯ್ಡ್ ಕೇಸಿಗೆ ಅಮಿಕಾಸಿನ್‌ಗೆ ಶಿಫ್ಟ್ ಮಾಡಿದ್ವಿ. ಜ್ವರ ಇನ್ನೂ 103. ಕಲ್ಚರ್ ರಿಪೀಟ್ ಕಳಿಸ್ಲಾ?"

ಫೋನ್ ವಾರ್ಡಿನಿಂದ. ರೋಗಿಯ ಮಾದರಿಯಿಂದ ಬ್ಯಾಕ್ಟೀರಿಯಾ ಬೆಳೆಸಿ (ಅದೇ ಕಲ್ಚರ್), ಅದಕ್ಕೆ ಯಾವ ಆ್ಯಂಟಿಬಯೋಟಿಕ್ ನಾಟುತ್ತದೆ ಎಂದು ರಿಪೋರ್ಟ್ ಕೊಡುವ ಲ್ಯಾಬಿನವಳು ನಾನು. ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಟೈಫಿಗೆ ಅಮಿಕಾಸಿನ್! ಪಿತ್ತ ನೆತ್ತಿಗೇರಿತು. ಬ್ಯಾಕ್ಟೀರಿಯಾ ಅಡಗಿರುವುದು ಮ್ಯಾಕ್ರೋಫೇಜ್ ಎಂಬ ನಮ್ಮದೇ ರಕ್ಷಣಾ ಕೋಶದ ಒಳಗೆ. ಅಮಿಕಾಸಿನ್, ಜೆಂಟಾಮೈಸಿನ್‌ನಂಥ ಅಮೈನೋಗ್ಲೈಕೋಸೈಡ್ ಗುಂಪಿನ ಔಷಧಿ ಅಲ್ಲಿಗೆ ಸರಿಯಾಗಿ ನುಗ್ಗುವುದೇ ಇಲ್ಲ. ಪ್ಲೇಟಿನಲ್ಲಿ ಎಷ್ಟು ದೊಡ್ಡ ಝೋನ್ (ಔಷಧಿ ಡಿಸ್ಕಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಜಾಗ) ಬಂದರೂ ರೋಗಿಗೆ ಪ್ರಯೋಜನವಿಲ್ಲ. ಇಷ್ಟನ್ನೂ ಫೋನಿನಲ್ಲೇ ಉಪನ್ಯಾಸ ಕೊಟ್ಟೆ, ಸ್ವಲ್ಪ ಜೋರಾಗಿಯೇ.

ಡ್ಯೂಟಿ ಡಾಕ್ಟರ್ ಪೂರ್ತಿ ಕೇಳಿಸಿಕೊಂಡು ಮೆತ್ತಗೆ ಅಂದರು: "ನಿಮ್ಮ ರಿಪೋರ್ಟಿನಲ್ಲಿ ಎಸ್ ಅಂತ ಇದೆಯಲ್ಲ ಮೇಡಂ?" ಎಸ್ ಎಂದರೆ ಸೆನ್ಸಿಟಿವ್, ಆ ಔಷಧಿ ನಾಟುತ್ತದೆ ಎಂದು.

"ಸಾಧ್ಯವೇ ಇಲ್ಲ" ಎಂದು ರಿಪೋರ್ಟ್ ತೆರೆಯಲು ಹೋದೆ. ನಮ್ಮ ಸಾಫ್ಟ್‌ವೇರ್ ತೆರೆದುಕೊಳ್ಳುವ ಹೊತ್ತಿಗೆ ಒಂದು ಕಲ್ಚರೇ ಬೆಳೆದುಬಿಡುತ್ತದೆ. ಫೋನ್ ಕಿವಿಗೆ, ಇಬ್ಬರೂ ಮೌನ. ಕೊನೆಗೆ ಬಂತು: ಅಮಿಕಾಸಿನ್ ಎಸ್, ಜೆಂಟಾಮೈಸಿನ್ ಎಸ್. ಕೆಳಗೆ ನನ್ನದೇ ಸಹಿ.

ಅವರ ಗಾಬರಿಗೂ ಕಾರಣವಿತ್ತು. ಮೊದಲು ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯೋಟಿಕ್ ಮೂರು ದಿನ ಕೊಟ್ಟರೂ ಜ್ವರ ಇಳಿದಿರಲಿಲ್ಲ. 2016ರಲ್ಲಿ ಪಾಕಿಸ್ತಾನದ ಸಿಂಧ್‌ನಲ್ಲಿ ಶುರುವಾದ, ಹಲವು ಔಷಧಿಗಳಿಗೆ ಬಗ್ಗದ ಎಕ್ಸ್‌ಡಿಆರ್ ಟೈಫಾಯ್ಡ್ ತಳಿಗೆ ಸೆಫ್ಟ್ರಿಯಾಕ್ಸೋನ್ ಕೂಡ ನಾಟುವುದಿಲ್ಲ. ಇದೂ ಅದೇ ಇರಬಹುದೆಂದು ಹೆದರಿದ್ದರು. ಆದರೆ ಸೆನ್ಸಿಟಿವ್ ಇದ್ದರೂ ಟೈಫಾಯ್ಡ್ ಜ್ವರ ಇಳಿಯಲು ನಾಲ್ಕೈದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಸೆಫ್ಟ್ರಿಯಾಕ್ಸೋನ್ ಝೋನ್ ಚೆನ್ನಾಗಿಯೇ ಇತ್ತು. ಅದನ್ನೇ ಮತ್ತೆ ಶುರು ಮಾಡಿಸಿದೆವು, ಜ್ವರ ಇಳಿಯಿತು.

ಆಗಿದ್ದೇನೆಂದರೆ, ಹೊಸ ಅಪ್‌ಡೇಟ್‌ನಲ್ಲಿ ಟೈಫಿಯನ್ನೂ ಇ. ಕೋಲಿ ಎಂಬ ಬೇರೆ ಬ್ಯಾಕ್ಟೀರಿಯಾದ ಪ್ಯಾನೆಲ್‌ಗೆ (ಔಷಧಿ, ಅಳತೆಗಳ ಪಟ್ಟಿಗೆ) ಸೇರಿಸಿಬಿಟ್ಟಿದ್ದರು. ಟೈಫಿ ರಿಪೋರ್ಟಿನಲ್ಲಿ ಅಮೈನೋಗ್ಲೈಕೋಸೈಡ್ ಫಲಿತಾಂಶ ಮುಚ್ಚಿಡುವ ರೂಲ್ ಮಾಯವಾಗಿತ್ತು. ಅದಾದರೂ ಕಣ್ಣಿಗೆ ಬೀಳುವ ತಪ್ಪು. ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು ಆ್ಯಂಟಿಬಯೋಟಿಕ್, ಸಿಪ್ರೋಫ್ಲಾಕ್ಸಾಸಿನ್. 28 ಮಿಮೀ ಝೋನ್ ಬಂದರೆ ಇ. ಕೋಲಿಗೆ ಎಸ್, ಅಲ್ಲಿ 26 ಸಾಕು. ಟೈಫಿಗೆ 31 ಬೇಕು. ಅಂದರೆ ಸಿಪ್ರೋ ಸೋಲಬಹುದಾದ ರೋಗಿಗೆ ನಾವೇ ಸಿಪ್ರೋ ಕೊಡಿ ಎಂದಂತೆ, ಯಾರಿಗೂ ಅನುಮಾನ ಬಾರದ ಹಾಗೆ. ಅಪ್‌ಡೇಟ್ ನಂತರದ ಟೈಫಿ ರಿಪೋರ್ಟುಗಳನ್ನೆಲ್ಲ ತೆಗೆದು, ಝೋನ್ ಮತ್ತೆ ನೋಡಿ, ವಾರ್ಡ್‌ವಾರ್ಡಿಗೂ ಫೋನ್ ಮಾಡಿದೆವು. ಕೆಲವರು ಡಿಸ್ಚಾರ್ಜ್ ಆಗಿ ಹೋಗಿದ್ದರು.

ಐಟಿಯವರು ಟಿಕೆಟ್‌ಗೆ "ಸಿಸ್ಟಂ ಸರಿಯಾಗಿದೆ" ಎಂದು ಬರೆದು ಮುಚ್ಚಿದರು. ಈಗ ಟೈಫಿ ಬಂದರೆ ಪ್ರಿಂಟ್ ತೆಗೆದು, ಕೊಡಬಾರದ ಸಾಲುಗಳನ್ನು ಪೆನ್ನಿನಲ್ಲೇ ಹೊಡೆದು, ವಾರ್ಡಿಗೆ ಫೋನ್ ಮಾಡಿಯೇ ಸಹಿ ಹಾಕುತ್ತೇನೆ. ಟೈಫಿಗೆ ಸಿಪ್ರೋ ನಾಟುತ್ತದೆಯೇ ಎಂದು ತಿಳಿಯಲು ಸಿಪ್ರೋ ಡಿಸ್ಕಿಗಿಂತ ನಂಬಿಕಸ್ಥವಾದ, ಅದೇ ಬಳಗದ ಪೆಫ್ಲಾಕ್ಸಾಸಿನ್ ಡಿಸ್ಕಿಗೂ ಇಂಡೆಂಟ್ ಹಾಕಿದ್ದೇನೆ. ಪರ್ಚೇಸ್‌ನವರ ಪ್ರಶ್ನೆ: "ಆ ಔಷಧಿ ನಮ್ಮ ಫಾರ್ಮಸಿಯಲ್ಲೇ ಇಲ್ಲ, ಡಿಸ್ಕ್ ಯಾಕೆ?"