ವಿಶ್ವಾಸದಿಂದ, ವಿಶ್ವಾಸದಿಂದಲೇ

ಮುನ್ನೂರು ಕಾರ್ಡು ಅಚ್ಚಾಗಿ, ನೂರರಂತೆ ಕಟ್ಟು ಕಟ್ಟಿ ಮೇಜಿನ ಮೇಲೆ ಇಟ್ಟಾಗಿತ್ತು. ತೆಗೆದುಕೊಂಡು ಹೋಗಲು ಬಂದ ಹಿರಿಯರು ಒಂದನ್ನು ಎಳೆದು, ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಓದಿದರು. ಎರಡನೇ ಸಾಲಿಗೆ ಬಂದಾಗ ಬೆರಳು ನಿಂತುಬಿಟ್ಟಿತು.

"ನೋಡಮ್ಮ, ನಾನು ಬರೆದುಕೊಟ್ಟದ್ದು 'ವಿಶ್ವಾಸದಿಂದ'. ಇಲ್ಲಿ 'ವಿಶ್ವಾಸದಿಂದಲೇ' ಅಂತ ಇದೆ. ಈ 'ಲೇ' ಎಲ್ಲಿಂದ ಬಂತು?"

ವಿರಾಜಪೇಟೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ ನಾನು 19 ವರ್ಷದಿಂದ ಡಿಟಿಪಿ ಕೆಲಸ ಮಾಡುತ್ತಿದ್ದೇನೆ. ಮದುವೆ ಕಾಗದ, ಕೊಡವರ ಕೈಲ್ ಪೊಳ್ದ್ ಹಬ್ಬದ ಕ್ರೀಡಾಕೂಟದ ಕರಪತ್ರ, ತೋಟಗಳ ಬಿಲ್ ಪುಸ್ತಕ, ತಿಥಿ ಕಾರ್ಡು, ಎಲ್ಲ ಜಾತಿ ಎಲ್ಲ ಧರ್ಮದವರದ್ದೂ ನನ್ನ ಕೈಯಲ್ಲೇ ಹಾದುಹೋಗುತ್ತದೆ. ಇದು ಮೂರು ವರ್ಷದ ಹಿಂದಿನ ಜುಲೈ ತಿಂಗಳ ಮಾತು. ಕ್ಯಾಥೋಲಿಕ್ ಕ್ರೈಸ್ತರಾದ ಆ ಹಿರಿಯರ ತಾಯಿಯ ಮೊದಲ ವರ್ಷದ ಪುಣ್ಯಸ್ಮರಣೆಯ ಕಾರ್ಡು. ಕೈಬರಹದ ಪ್ರತಿಯಲ್ಲಿ ಇದ್ದದ್ದು ಇಷ್ಟೇ: "ವಿಶ್ವಾಸದಿಂದ ಉದ್ಧಾರ ಹೊಂದಿ, ಪ್ರಭುವಿನಲ್ಲಿ ನಿದ್ರಿಸಿದ ನಮ್ಮ ಅಮ್ಮ."

ಆ 'ಲೇ' ಬಂದದ್ದು ನನ್ನ ಕೈಯಿಂದ. ಬೇಕೆಂದು ಮಾಡಿದ್ದಲ್ಲ. ನನ್ನ ಅಜ್ಜಿಯ ಮನೆ ಆನಂದಪುರ. 1853ರಲ್ಲಿ ಕೊಡಗಿಗೆ ಬಂದ, ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟಂಟ್ ಸಂಸ್ಥೆಯ ಹರ್ಮನ್ ಮೋಗ್ಲಿಂಗ್ ಕಟ್ಟಿದ ಊರು ಅದು. ಇವತ್ತು ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರೊಟೆಸ್ಟಂಟ್ ಸಭೆಯವರು; ಚರ್ಚನ್ನು ನಾವು ಸಭೆ ಅನ್ನುತ್ತೇವೆ. ಸಂಡೇಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು "ನಂಬಿಕೆಯಿಂದಲೇ ರಕ್ಷಣೆ" ಅಂತ. ಕ್ಯಾಥೋಲಿಕರು 'ವಿಶ್ವಾಸ' ಅನ್ನುತ್ತಾರೆ, ನಾವು 'ನಂಬಿಕೆ' ಅನ್ನುತ್ತೇವೆ. ಅವರದ್ದು 'ಉದ್ಧಾರ', ನಮ್ಮದು 'ರಕ್ಷಣೆ'. ನೀರಿನಿಂದ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರ ಅವರ ಹಿರಿಯರ ಬಾಯಲ್ಲಿ 'ಜ್ಞಾನಸ್ನಾನ', ನಮ್ಮಲ್ಲಿ 'ದೀಕ್ಷಾಸ್ನಾನ'. ಇದೆಲ್ಲ ನನಗೆ ಗೊತ್ತು, ಆ ಪದಗಳನ್ನು ಯಾವತ್ತೂ ಅದಲುಬದಲು ಮಾಡಿದವಳಲ್ಲ. ಆದರೆ ಪದ ಕಾಯುತ್ತಿದ್ದ ಕಣ್ಣು ಪ್ರತ್ಯಯವನ್ನು ಕಾಯಲಿಲ್ಲ. ಚಿಕ್ಕಂದಿನಲ್ಲಿ ನಾಲಿಗೆಗೆ ಕೂತದ್ದನ್ನು ಬೆರಳು ಹೊಡೆದುಬಿಟ್ಟಿತು.

ಇನ್ನೂ ದೊಡ್ಡ ತಪ್ಪು ಪ್ರೂಫಿನದ್ದು. ಹಿರಿಯರ ತೋಟದಲ್ಲಿ ಮಳೆಗಾಲಕ್ಕೆ ನೆಟ್‌ವರ್ಕ್ ಸಿಗುವುದಿಲ್ಲ ಅಂತ ನಾನು ಅವರ ತಮ್ಮನಿಗೆ ವಾಟ್ಸ್ಯಾಪ್‌ನಲ್ಲಿ ಪ್ರೂಫ್ ಕಳಿಸಿದೆ. ಆ ತಮ್ಮ ಕ್ಯಾಥೋಲಿಕ್ ಸಭೆ ಬಿಟ್ಟು, ದೊಡ್ಡವರಿಗೆ ಮಾತ್ರ ದೀಕ್ಷಾಸ್ನಾನ ಕೊಡುವ ಪೆಂಟೆಕೋಸ್ತ್ ಸಭೆಗೆ ಸೇರಿ ಇಪ್ಪತ್ತು ವರ್ಷವಾಗಿದೆ. "ಕರ್ತನಿಗೆ ಸ್ತೋತ್ರ ಸಿಸ್ಟರ್, ತುಂಬ ಚೆನ್ನಾಗಿದೆ, ಹಾಕಿ" ಎಂದು ಉತ್ತರ ಬಂತು. ಹಾಕಿಬಿಟ್ಟೆ.

"ಒಂದಕ್ಷರ ತಾನೆ ಸಾರ್" ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವರೇ ಹೇಳಿದರು: "2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಅಮ್ಮನಿಗೆ ಎಪ್ಪತ್ತು ದಾಟಿತ್ತು. ಪರಿಹಾರ ಶಿಬಿರದಲ್ಲಿ ದಿನವೂ ಬೆಳಿಗ್ಗೆ ನಾಲ್ಕಕ್ಕೆದ್ದು ಗಂಜಿ ಬೇಯಿಸಿದರು. ನೀವು ಹಾಕಿದ ಈ 'ಲೇ' ಇದ್ದರೆ ಅದು ಯಾವ ಲೆಕ್ಕಕ್ಕೂ ಇಲ್ಲ ಅಂತ ಆಗುತ್ತದಲ್ಲಮ್ಮ."

ನನಗೆ ಮಾತು ಹೊರಡಲಿಲ್ಲ. ಖರ್ಚು ನನ್ನದೇ, ಮತ್ತೆ ಹೊಡೆದುಕೊಡುತ್ತೇನೆ ಎಂದೆ. ಅವರು ಹೋದ ಮೇಲೆ ಆ ಒಂದಕ್ಷರವನ್ನೇ ಹಿಡಿದು ಕೂತೆ. ಆ ರಾತ್ರಿ ಓದಲು ಶುರು ಮಾಡಿದ್ದು ಮೂರು ವರ್ಷವಾದರೂ ನಿಂತಿಲ್ಲ.

ಕನ್ನಡದ ಅವಧಾರಣೆಯ, ಅಂದರೆ ಒತ್ತಿ ಹೇಳುವ, 'ಏ' ಸಣ್ಣ ಪ್ರಾಣಿ; ನನ್ನ ಕಾರ್ಡಿನಲ್ಲಿ 'ಲೇ' ಆಗಿ ಬಂದದ್ದು ಅದೇ. ಆದರೆ ಅದು ಬಂದು ಕೂತ ಕೂಡಲೇ ಅಕ್ಕಪಕ್ಕದವರನ್ನೆಲ್ಲ ಹೊರಗೆ ಕಳಿಸುತ್ತದೆ. 'ಅವನು ಬಂದ' ಎಂದರೆ ಇನ್ನೊಬ್ಬನೂ ಬಂದಿರಬಹುದು. 'ಅವನೇ ಬಂದ' ಎಂದರೆ ಬಾಗಿಲು ಮುಚ್ಚಿತು. ಯೂರೋಪಿನ ಸಭೆಗಳು ಎರಡು ಹೋಳಾದಾಗ ಜಗಳ ಇದ್ದದ್ದೂ ಇದರ ಮೇಲೆಯೇ. 1522ರಲ್ಲಿ ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್ ಬೈಬಲಿನ ಹೊಸ ಒಡಂಬಡಿಕೆಯನ್ನು ಜರ್ಮನ್‌ಗೆ ತಂದಾಗ, ಯೇಸುವಿನ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 3:28ರಲ್ಲಿ, ಗ್ರೀಕ್ ಮೂಲದಲ್ಲಿಲ್ಲದ 'ಮಾತ್ರ' ಎಂಬ ಪದ ಸೇರಿಸಿದ. ನಂಬಿಕೆಯಿಂದ 'ಮಾತ್ರ'. ಜರ್ಮನ್ ಮಾತಿನ ಜಾಯಮಾನವೇ ಅದನ್ನು ಕೇಳುತ್ತದೆ, ಪೌಲನ ಅರ್ಥವೂ ಅದೇ ಎಂದು ಅವನು ಸಮರ್ಥಿಸಿಕೊಂಡ. ನಾನು ತಿಳಿಯದೆ ಮಾಡಿದ್ದನ್ನು ಅವನು ತಿಳಿದೇ ಮಾಡಿದ್ದ. ಇನ್ನೊಂದು ಕಡೆ, ನಂಬಿಕೆ 'ಮಾತ್ರ' ಎಂಬ ಜೋಡಿ ಬೈಬಲಿನಲ್ಲಿ ನೇರವಾಗಿ ಬರುವುದು ಒಂದೇ ಕಡೆ, ಯಾಕೋಬನ ಪತ್ರದ 2:24ರಲ್ಲಿ. ಅಲ್ಲಿ ಅದು 'ಅಲ್ಲ' ಎಂಬುದರ ಜೊತೆಗೆ ಬರುತ್ತದೆ: ಮನುಷ್ಯ ನೀತಿವಂತನೆನಿಸಿಕೊಳ್ಳುವುದು ಕ್ರಿಯೆಗಳಿಂದ, ಬರೀ ನಂಬಿಕೆಯಿಂದಲ್ಲ.

ಪೌಲ, ಯಾಕೋಬ ಇಬ್ಬರೂ ಸಾಕ್ಷಿಗೆ ಕರೆಯುವುದು ಅಬ್ರಹಾಮನನ್ನೇ. ಇಬ್ಬರೂ ಎತ್ತಿಕೊಳ್ಳುವುದು ಆದಿಕಾಂಡ 15:6ರ ಅದೇ ವಾಕ್ಯ, ಅವನು ನಂಬಿದ, ಅದು ಅವನಿಗೆ ನೀತಿಯೆಂದು ಎಣಿಕೆಯಾಯಿತು. ಪೌಲ ಕೇಳುವುದು, ಇದು ಎಣಿಕೆಯಾದಾಗ ಅಬ್ರಹಾಮನಿಗೆ ಸುನ್ನತಿ ಆಗಿತ್ತೇ, ಆಗಿರಲಿಲ್ಲವೇ ಎಂದು. ಯಾಕೋಬ ಮುಂದಕ್ಕೆ ಪುಟ ತಿರುಗಿಸಿ, ಮಗನನ್ನು ಅರ್ಪಿಸಲು ಬೆಟ್ಟ ಹತ್ತಿದ 22ನೇ ಅಧ್ಯಾಯ ತೋರಿಸಿ, ಆ ನಂಬಿಕೆ ಪೂರ್ಣವಾದದ್ದು ಇಲ್ಲಿ ಎನ್ನುತ್ತಾನೆ. ಹೊರಗಿನವರು ಒಳಗೆ ಬರಲು ಧರ್ಮಶಾಸ್ತ್ರದ ಆಚಾರಗಳು ಬೇಕೇ ಎಂದು ಕೇಳುವವರಿಗೆ ಪೌಲನ ಉತ್ತರ. ಬಟ್ಟೆಯಿಲ್ಲದವನಿಗೆ 'ಬೆಚ್ಚಗಿರು' ಎಂದು ಬರೀ ಬಾಯಲ್ಲಿ ಹರಸಿ ಕಳಿಸುವವರಿಗೆ ಯಾಕೋಬನ ಉತ್ತರ. ಕನ್ನಡದಲ್ಲಿ ಎರಡಕ್ಕೂ 'ಕ್ರಿಯೆ' ಎಂದೇ ಬರುವುದರಿಂದ ಓದುವವರಿಗೆ ಇಬ್ಬರೂ ಒಂದೇ ವಿಷಯಕ್ಕೆ ಹೊಡೆದಾಡುವಂತೆ ಕಾಣುತ್ತದೆ. ಇದು ನನ್ನ ತಿಳಿವಳಿಕೆ. ಇಷ್ಟು ಹೇಳಿದರೆ ಎಲ್ಲ ಬಗೆಹರಿಯಿತು ಎಂದು ನಾನು ಹೇಳುವುದಿಲ್ಲ.

ನನ್ನನ್ನು ಹೆಚ್ಚು ಅಲುಗಾಡಿಸಿದ್ದು ಟ್ರೆಂಟ್ ಮಹಾಸಭೆ, ಲೂಥರನ ಕಡೆಯವರಿಗೆ ಉತ್ತರವಾಗಿ ಕ್ಯಾಥೋಲಿಕ್ ಬಿಷಪ್ಪರು ನಡೆಸಿದ್ದು. ಕ್ಯಾಥೋಲಿಕರು ಪುಣ್ಯ ಮಾಡಿ ಸ್ವರ್ಗ ಕೊಂಡುಕೊಳ್ಳುತ್ತಾರೆ ಎಂದು ನಮ್ಮಲ್ಲಿ ಸಲೀಸಾಗಿ ಹೇಳುತ್ತಿದ್ದೆವು. 1547ರ ಜನವರಿಯಲ್ಲಿ ಆ ಸಭೆ ಹೊರಡಿಸಿದ ನಿಯಮಗಳಲ್ಲಿ ಮೊಟ್ಟಮೊದಲನೆಯದೇ, ಕ್ರಿಸ್ತನ ಮೂಲಕ ಬರುವ ದೇವರ ಕೃಪೆಯಿಲ್ಲದೆ ಮನುಷ್ಯ ತನ್ನ ಸ್ವಂತ ಕ್ರಿಯೆಗಳಿಂದ ನೀತಿವಂತನಾಗಬಲ್ಲ ಎನ್ನುವವರನ್ನು ಖಂಡಿಸುತ್ತದೆ. 'ನಂಬಿಕೆ ಮಾತ್ರ' ಎಂಬುದರ ಖಂಡನೆ ಬರುವುದು ಒಂಬತ್ತನೆಯದರಲ್ಲಿ. ಅದೂ ಮನುಷ್ಯನ ಒಪ್ಪಿಗೆ, ಸಹಕಾರ ಯಾವುದೂ ಬೇಡ ಎಂಬ ಅರ್ಥದಲ್ಲಿ ಹೇಳುವವರಿಗೆ. ಅತ್ತ ಲೂಥರನೂ ನಿಜವಾದ ನಂಬಿಕೆ ಕೈಕಟ್ಟಿ ಕೂರುವಂಥದ್ದಲ್ಲ, ಒಳ್ಳೆಯದನ್ನು ಮಾಡದೆ ಇರಲು ಅದಕ್ಕೆ ಆಗುವುದೇ ಇಲ್ಲ ಎಂದು ಬರೆದಿದ್ದಾನೆ. ನಾನು ಅಷ್ಟು ವರ್ಷ ಎದುರಿನವರ ಮಾತನ್ನು ನಮ್ಮವರ ಬಾಯಿಂದ ಕೇಳಿದ್ದೆನೇ ಹೊರತು ಅವರ ಕಾಗದದಲ್ಲಿ ಓದಿರಲಿಲ್ಲ. ಪ್ರೂಫ್ ಓದುವವಳಾಗಿ ಇದು ನನಗೆ ನೋವಾದ ಸಂಗತಿ.

ಮೂರನೇ ದಿನ ಅಣ್ಣ ತಮ್ಮ ಇಬ್ಬರೂ ಒಟ್ಟಿಗೆ ಬಂದರು. ಕರೆಂಟ್ ಇರಲಿಲ್ಲ. ಬೆಂಚಿನ ಮೇಲೆ ಕೂತರು, ನಾನು ಕಾಫಿ ತರಿಸಿದೆ. ಕಾರ್ಡಿನ ಹಿಂಬದಿಯಲ್ಲಿ ಅಮ್ಮನ ಜನನ, ಜ್ಞಾನಸ್ನಾನ, ಮದುವೆ, ಮರಣದ ತಾರೀಕುಗಳಿದ್ದವು. ಹುಟ್ಟಿದ ತಾರೀಕು, ಜ್ಞಾನಸ್ನಾನದ ತಾರೀಕು ಒಂದೇ. ತಪ್ಪಿರಬಹುದೇ ಎಂದು ಕೇಳಿದೆ.

"ಸರಿಯಾಗಿಯೇ ಇದೆ" ಎಂದರು ಅಣ್ಣ. ಕೂಸು ಉಳಿಯುವುದಿಲ್ಲ ಎಂದು ಕಂಡಾಗ ಹೆರಿಗೆ ಮಾಡಿಸಿದವಳೇ ತಲೆಗೆ ನೀರು ಹೊಯ್ದು, ಪಿತನ ಸುತನ ಪವಿತ್ರಾತ್ಮನ ಹೆಸರು ಹೇಳಿದ್ದಳಂತೆ. ಆಕೆ ಕ್ರೈಸ್ತಳೇ ಅಲ್ಲ, ತೋಟದ ಕೆಲಸದವರ ಲೈನ್ ಮನೆಯಲ್ಲಿದ್ದ ಹೆಂಗಸು. ಕ್ಯಾಥೋಲಿಕ್ ಸಭೆ ಅದನ್ನು ಪೂರ್ಣ ಜ್ಞಾನಸ್ನಾನವೆಂದೇ ಒಪ್ಪುತ್ತದೆ; ಪ್ರಾಣಾಪಾಯ ಇದ್ದಾಗ, ಸಭೆ ಏನು ಮಾಡಲು ಬಯಸುತ್ತದೋ ಅದನ್ನೇ ಮಾಡುವ ಮನಸ್ಸಿದ್ದರೆ, ಯಾರು ಬೇಕಾದರೂ ಕೊಡಬಹುದು. ಒಮ್ಮೆ ಆದದ್ದನ್ನು ಮತ್ತೆ ಮಾಡುವಂತಿಲ್ಲ. ನೀರು ಸಿಗದೆ, ಅದನ್ನು ಬಯಸುತ್ತಲೇ ಸತ್ತವನಿಗೆ ಆ ಬಯಕೆಯೇ ಜ್ಞಾನಸ್ನಾನವೆಂದೂ ಅವರ ಬೋಧನೆ ಇದೆ. ದೇವರು ರಕ್ಷಣೆಯನ್ನು ಈ ಸಂಸ್ಕಾರಕ್ಕೆ ಕಟ್ಟಿದ್ದಾನೆ, ತಾನು ಮಾತ್ರ ಅದಕ್ಕೆ ಕಟ್ಟುಬಿದ್ದಿಲ್ಲ ಎನ್ನುವುದು ಅವರ ಧರ್ಮೋಪದೇಶದ ಮಾತು.

ತಮ್ಮ ಸುಮ್ಮನಿರಲಿಲ್ಲ. ಬೈಬಲಿನ ಮಾರ್ಕ 16:16 ತೆಗೆದರು. "ನಂಬಿ, ಆಮೇಲೆ ದೀಕ್ಷಾಸ್ನಾನ. ಕೂಸು ಏನು ನಂಬುತ್ತದೆ ಸಿಸ್ಟರ್?" ಆ ವಾಕ್ಯದ ಎರಡನೇ ಅರ್ಧ ಓದಿ ಎಂದೆ. ದಂಡನೆ ನಂಬದವನಿಗೆ ಎಂದಿದೆ, ದೀಕ್ಷಾಸ್ನಾನ ಆಗದವನಿಗೆ ಎಂದಿಲ್ಲ. ಮೊದಲರ್ಧ ಹಿಡಿದವರು ನೀರಿಲ್ಲದೆ ರಕ್ಷಣೆಯಿಲ್ಲ ಎನ್ನುತ್ತಾರೆ, ಎರಡನೇ ಅರ್ಧ ಹಿಡಿದವರು ನೀರು ವಿಧೇಯತೆಯ ಗುರುತು ಅಷ್ಟೇ ಎನ್ನುತ್ತಾರೆ. ಮಾರ್ಕನ ಆ ಕೊನೆಯ ಹನ್ನೆರಡು ವಚನಗಳು ನಾಲ್ಕನೇ ಶತಮಾನದ ಎರಡು ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲವೇ ಇಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದು, ಸಾಯುವ ಮುನ್ನ ಪರದೈಸಿನ ಭರವಸೆ ಪಡೆದ ಕಳ್ಳನ ಮಾತೂ ಬಂತು. ಅವನಿಗೆ ನೀರೆಲ್ಲಿ ಸಿಕ್ಕಿತು ಎಂದರು ತಮ್ಮ. ದೀಕ್ಷಾಸ್ನಾನ ಮಾಡಿಸಿರಿ ಎಂದು ಪ್ರಭು ಶಿಷ್ಯರನ್ನು ಎಲ್ಲ ಜನಾಂಗಗಳ ಬಳಿಗೆ ಕಳಿಸಿದ್ದು ಸತ್ತು ಎದ್ದುಬಂದ ಮೇಲೆ, ಕಳ್ಳ ಅದಕ್ಕೂ ಮುಂಚಿನವನು ಎಂದರು ಅಣ್ಣ. ಪೌಲನನ್ನು ಸೆರೆಯಲ್ಲಿಟ್ಟಿದ್ದ ಫಿಲಿಪ್ಪಿಯ ಸೆರೆಮನೆಯ ಅಧಿಕಾರಿ ಅದೇ ರಾತ್ರಿ ಮನೆಮಂದಿಯೊಡನೆ ದೀಕ್ಷಾಸ್ನಾನ ಪಡೆದನಲ್ಲ, ಮನೆಮಂದಿ ಎಂದರೆ ಮಕ್ಕಳೂ ಅಲ್ಲವೇ ಎಂದು ಅಣ್ಣ. ಆ ಮನೆಯವರಿಗೆಲ್ಲ ಮೊದಲು ವಾಕ್ಯ ಹೇಳಿದರು ಎಂದೂ ಅಲ್ಲೇ ಇದೆ ಎಂದು ತಮ್ಮ.

ಕೇಳುತ್ತಾ ನನಗೆ ಸ್ವಿಟ್ಜರ್ಲೆಂಡಿನ ಜೂರಿಕ್ ನೆನಪಾಯಿತು. 1525ರಲ್ಲಿ ಅಲ್ಲಿ ಕೆಲವರು, ಕೂಸಾಗಿದ್ದಾಗ ಆದದ್ದು ಲೆಕ್ಕಕ್ಕಿಲ್ಲ ಎಂದು ದೊಡ್ಡವರಾದ ಮೇಲೆ ದೀಕ್ಷಾಸ್ನಾನ ಪಡೆದರು. ಅವರಲ್ಲಿ ಒಬ್ಬನಾದ ಫೆಲಿಕ್ಸ್ ಮಾನ್ಸ್‌ನನ್ನು 1527ರ ಜನವರಿಯಲ್ಲಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಕೊಂದವರು ರೋಮಿನ ಕಡೆಯವರಲ್ಲ, ಸುಧಾರಣೆ ಒಪ್ಪಿದ ನಗರಸಭೆಯವರು. ನಮ್ಮ ಬೆಂಚಿನ ಮೇಲೆ ಆ ಹೊತ್ತಿಗೆ ಆದದ್ದು ಬೇರೆ. ತಮ್ಮ ತಲೆ ತಗ್ಗಿಸಿ, "ನಾನು ಸಿದ್ದಾಪುರದ ಹತ್ತಿರ ಕಾವೇರಿಯಲ್ಲಿ ಮುಳುಗಿ ಎದ್ದ ದಿನ ಅಮ್ಮ ಅತ್ತರು. ಎಂಟು ದಿನದ ನಿನ್ನನ್ನು ಎತ್ತಿಕೊಂಡು ಇಗರ್ಜಿಗೆ ನಡೆದದ್ದು ಸುಳ್ಳಾಯಿತಾ ಅಂತ ಕೇಳಿದರು. ನಾನು ಉತ್ತರ ಕೊಡಲಿಲ್ಲ" ಎಂದರು. ಅಣ್ಣ ಅವರ ಮೊಣಕಾಲಿನ ಮೇಲೆ ಕೈಯಿಟ್ಟರು.

ನಾನೂ ತೊಟ್ಟಿಲಲ್ಲೇ ದೀಕ್ಷಾಸ್ನಾನ ಆದವಳು. ಏನೂ ಮಾಡದವರಿಗೆ ಸಿಗುವುದೇ ಕೃಪೆ ಎಂದಾದರೆ ಕೂಸಿಗಿಂತ ದೊಡ್ಡ ಸಾಕ್ಷಿ ಬೇಡ ಎಂದು ಇವತ್ತಿಗೂ ನಂಬುತ್ತೇನೆ. ಆದರೂ ಆ ಮನುಷ್ಯ ಹೊಳೆಗೆ ಇಳಿದದ್ದು ಅಮ್ಮನನ್ನು ತಳ್ಳಲಿಕ್ಕಲ್ಲ, ತನ್ನ ಬಾಯಿಂದ ಹೌದು ಎನ್ನಲಿಕ್ಕೆ ಎಂಬುದು ಅವತ್ತು ನನಗೆ ಕಂಡಿತು.

1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಲೂಥರನ್ ಸಭೆಗಳ ಜಾಗತಿಕ ಒಕ್ಕೂಟವೂ ಕ್ಯಾಥೋಲಿಕ್ ಸಭೆಯೂ, ಮನುಷ್ಯ ದೇವರ ಮುಂದೆ ನೀತಿವಂತನೆನಿಸುವುದು ಹೇಗೆ ಎಂಬುದರ ಮೇಲೆ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟ ಅದಕ್ಕೆ ಸೇರಿಕೊಂಡವು. ಅದರ ನಡುಮಧ್ಯದ ವಾಕ್ಯವನ್ನು ನಾನು ಕನ್ನಡಕ್ಕೆ ಇಳಿಸಿಕೊಂಡು ನೋಡಿದೆ: ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದಲೇ, ಕ್ರಿಸ್ತನ ಕಾರ್ಯದಲ್ಲಿಟ್ಟ ನಂಬಿಕೆಯಲ್ಲಿ, ದೇವರು ನಮ್ಮನ್ನು ಒಪ್ಪಿಕೊಳ್ಳುತ್ತಾನೆ; ಪವಿತ್ರಾತ್ಮ ನಮ್ಮನ್ನು ಒಳ್ಳೆಯ ಕ್ರಿಯೆಗಳಿಗೆ ಸಜ್ಜುಮಾಡಿ ಕರೆಯುತ್ತಾನೆ. 'ಲೇ' ಇದೆ, ಆದರೆ ಅದು ಕೂತಿರುವುದು ಕೃಪೆಯ ಮೇಲೆ. ನಾನೂರೈವತ್ತು ವರ್ಷ ಕಾದು ಆ ಪ್ರತ್ಯಯಕ್ಕೆ ಜಾಗ ಹುಡುಕಿದ್ದಾರೆ ಎಂದು ಕಂಡಾಗ ಕಣ್ಣು ತುಂಬಿತು. ಕೂಸಿನ ದೀಕ್ಷಾಸ್ನಾನದ ಪ್ರಶ್ನೆಗೆ ಅದು ಕೈಹಾಕಿಲ್ಲ, ತಮ್ಮನಂಥವರ ಸಭೆಗಳು ಅದಕ್ಕೆ ಸಹಿಯೂ ಹಾಕಿಲ್ಲ.

ಅಂದಿನಿಂದ ನಾನು ಧರ್ಮದ ಮಾತಿರುವ ಯಾವ ಕೆಲಸಕ್ಕೂ ಪ್ರತಿ ಕೊಟ್ಟವರಿಂದಲೇ ಪ್ರೂಫಿಗೆ ಸಹಿ ಹಾಕಿಸುತ್ತೇನೆ, ಎದುರಿಗೆ ಕೂರಿಸಿ ಗಟ್ಟಿಯಾಗಿ ಓದಿಸುತ್ತೇನೆ. ವಚನ ಅರ್ಧ ಬರೆದು ತಂದರೆ ಹಿಂದಿನ ಮುಂದಿನ ವಚನ ತೆಗೆದು ತೋರಿಸಿ, ಇಲ್ಲೇ ಕತ್ತರಿಸಬೇಕಾ ಎಂದು ಕೇಳುತ್ತೇನೆ.

ಹಾಗೆ ಕೇಳಿದ್ದು ಮೊದಲು ಆ ಬೆಂಚಿನ ಮೇಲೆಯೇ. ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ 2:8, 9 ಹಾಕಿ ಎಂದರು ತಮ್ಮ, ಕೃಪೆಯಿಂದ, ಕ್ರಿಯೆಗಳಿಂದಲ್ಲ ಎಂಬ ವಚನಗಳು. ನಾನು ಹತ್ತನೆಯದನ್ನೂ ಓದಿದೆ, ಒಳ್ಳೆಯ ಕ್ರಿಯೆಗಳಿಗಾಗಿಯೇ ನಾವು ಸೃಷ್ಟಿಯಾದವರು ಎಂಬುದು. ಮೂರೂ ಇರಲಿ ಎಂದರು ಅಣ್ಣ. ಜಾಗ ಸಾಲುತ್ತಿರಲಿಲ್ಲ. ಅಮ್ಮನ ಫೋಟೋ ಸಣ್ಣದು ಮಾಡೋಣವೇ ಎಂದೆ, ಇಬ್ಬರೂ ಒಟ್ಟಿಗೆ ಬೇಡ ಎಂದರು. ಸುತ್ತಲಿನ ಹೂವಿನ ಬಾರ್ಡರ್ ತೆಗೆದೆ, ಕೆಳಗಿದ್ದ ಪ್ರೆಸ್ಸಿನ ಹೆಸರು ತೆಗೆದೆ, ಅಕ್ಷರ ಒಂಬತ್ತು ಪಾಯಿಂಟಿಗೆ ಇಳಿಸಿದೆ. ಹಿಡಿಸಿತು. ಮೇಲಿನ ಸಾಲು ಅಣ್ಣ ಬರೆದುಕೊಟ್ಟ ಹಾಗೆಯೇ ಇತ್ತು, 'ವಿಶ್ವಾಸದಿಂದ'.

ತಪ್ಪಾದ ಮುನ್ನೂರನ್ನು ರದ್ದಿಗೆ ಹಾಕಲು ಅವರು ಬಿಡಲಿಲ್ಲ, ಪ್ರತಿಯೊಂದರಲ್ಲೂ ಅಮ್ಮನ ಮುಖ ಇತ್ತಲ್ಲ. ಒಂದನ್ನು ನನಗೆ ಕೊಟ್ಟು, ಉಳಿದದ್ದನ್ನು ತಮ್ಮ ರೇನ್‌ಕೋಟಿನ ಒಳಗೆ ಎದೆಗವಚಿಕೊಂಡು ಮಳೆಗೆ ಇಳಿದರು. ಅಣ್ಣ ಅವರ ತಲೆಯ ಮೇಲೆ ಕೊಡೆ ಹಿಡಿದಿದ್ದರು.