ಪೆರ್ಲದಿಂದ ಪೆನ್ಸಿಲ್ವೇನಿಯಾಕ್ಕೆ ಒಂದು ಓಟು

ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿ ಹುಟ್ಟಿದ ಮನೆಯಲ್ಲೇ ಈಗ ಇದ್ದೇನೆ, ಆದರೆ ಇಲ್ಲಿ ನನಗೆ ಓಟಿಲ್ಲ. ಪಂಚಾಯತಿನದ್ದೂ ಇಲ್ಲ, ವಿಧಾನಸಭೆಯದ್ದೂ ಇಲ್ಲ. ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗಿನಲ್ಲಿ ಅಮೆರಿಕದ ಪೌರತ್ವ ತೆಗೆದುಕೊಂಡಾಗಲೇ ಭಾರತದ್ದು ಹೋಯಿತು. ಯಜಮಾನರು ತೀರಿಕೊಂಡ ಮೇಲೆ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡು ಹಿಡಿದು ತವರಿಗೆ ಬಂದೆ. ಆ ಕಾರ್ಡಿದ್ದರೆ ಎಷ್ಟು ಕಾಲ ಬೇಕಾದರೂ ಇಲ್ಲಿರಬಹುದು, ಅಪ್ಪನ ಪಾಲಿನ ತೋಟ ಬಂದರೆ ಇಟ್ಟುಕೊಳ್ಳಬಹುದು. ಹೊಸದಾಗಿ ಒಂದು ಸೆಂಟ್ಸ್ ಕೃಷಿಭೂಮಿ ಕೊಳ್ಳುವ ಹಾಗಿಲ್ಲ, ಓಟು ಹಾಕುವ ಹಾಗಿಲ್ಲ.

2024ರ ಏಪ್ರಿಲ್ 26ರಂದು ಲೋಕಸಭೆಯ ಓಟು. ಗಡಿಯಾಚೆ ದಕ್ಷಿಣ ಕನ್ನಡದಲ್ಲೂ ಅದೇ ದಿನ. ಮನೆಯವರೆಲ್ಲ ಬೆಳಿಗ್ಗೆಯೇ ಶಾಲೆಗೆ ಹೋದರು. ಮನೆ ಕಾಯುವ ಕೆಲಸ ನನ್ನದು. ಮಧ್ಯಾಹ್ನ ಅತ್ತಿಗೆ ಶಾಯಿಯ ಬೆರಳಲ್ಲೇ ಮಜ್ಜಿಗೆ ಕಡೆಯುತ್ತಾ, "ನಿನಗೆ ಬೇಜಾರಾಯ್ತಾ?" ಅಂದರು. ಆಗಿತ್ತು. ನಮ್ಮ ಮಂಜೇಶ್ವರ ಕ್ಷೇತ್ರದಲ್ಲಿ ಓಟು ಅಂದರೆ ಸಣ್ಣ ಸಂಗತಿಯಲ್ಲ. 2016ರ ವಿಧಾನಸಭೆಯಲ್ಲಿ ಪಿ.ಬಿ. ಅಬ್ದುಲ್ ರಜಾಕ್ ಅವರು ಕೆ. ಸುರೇಂದ್ರನ್ ಅವರ ಎದುರು ಗೆದ್ದದ್ದು ಬರೇ 89 ಓಟಿನಲ್ಲಿ. 2021ರಲ್ಲಿ ಎ.ಕೆ.ಎಂ. ಅಶ್ರಫ್ ಗೆದ್ದಾಗಲೂ ಅಂತರ 745. ಮದುವೆಮನೆಯಲ್ಲಿ ಊಟದ ಪಂಕ್ತಿ ನೋಡಿದರೂ "ಇಷ್ಟು ಜನ ಸಾಕಿತ್ತು" ಎನ್ನುವವರು ನಮ್ಮೂರಲ್ಲಿದ್ದಾರೆ. 2016ರ ಜಗಳ ಕೋರ್ಟಿಗೂ ಹೋಯಿತು. ಊರಲ್ಲಿಲ್ಲದವರ, ಕೊಲ್ಲಿ ದೇಶಗಳಲ್ಲಿದ್ದವರ ಹೆಸರಿನಲ್ಲಿ ಯಾರೋ ಓಟು ಹಾಕಿದ್ದಾರೆ ಎಂಬುದು ಅಲ್ಲಿ ಸೋತವರ ಆರೋಪವಾಗಿತ್ತು.

ಹಾಗೆ ಹೊರಗಿರುವವರಲ್ಲಿ ನಮ್ಮ ಅಣ್ಣನ ಮಗನೂ ಒಬ್ಬ. ಶಾರ್ಜಾದಲ್ಲಿದ್ದಾನೆ, ಭಾರತದ ಪಾಸ್‌ಪೋರ್ಟು, 6ಎ ಫಾರಂ ತುಂಬಿ ಮತದಾರರ ಪಟ್ಟಿಗೆ ಸೇರಿದ್ದಾನೆ. 2010ರ ತಿದ್ದುಪಡಿಯಿಂದ ಅನಿವಾಸಿಗಳಿಗೆ ಈ ಹಕ್ಕು ಸಿಕ್ಕಿತು, ಆದರೆ ಮೂಲ ಪಾಸ್‌ಪೋರ್ಟ್ ಹಿಡಿದು ಮತಗಟ್ಟೆಗೇ ಬಂದು ನಿಲ್ಲಬೇಕು. ಅಂಚೆಯ ದಾರಿಯಿಲ್ಲ, ಬದಲಿಗೆ ಇನ್ನೊಬ್ಬರನ್ನು ಕಳಿಸುವ ದಾರಿಯೂ ಇಲ್ಲ. ಬದಲಿ ಮತಕ್ಕೊಂದು ಮಸೂದೆ 2018ರಲ್ಲಿ ಲೋಕಸಭೆಯಲ್ಲಿ ಪಾಸಾಗಿ, ಮರುವರ್ಷ ಆ ಲೋಕಸಭೆಯೊಂದಿಗೇ ಬಿದ್ದುಹೋಯಿತು. ಓಟಿಗಾಗಿಯೇ ಜನ ಗುಂಪುಕಟ್ಟಿ ವಿಮಾನ ಹತ್ತುವುದು ಮಲಬಾರಿನ ಕಡೆ ಉಂಟು. ಇವನಿಗೆ ರಜೆ ಸಿಗಲಿಲ್ಲ, ಟಿಕೆಟಿನ ದರ ಕೇಳಿ ಅತ್ತಿಗೆಯೇ "ಬೇಡ ಮಗಾ" ಅಂದರು. ಆ ಸಲ ಪಟ್ಟಿಯಲ್ಲಿ 1.19 ಲಕ್ಷ ಅನಿವಾಸಿಗಳಿದ್ದರು. ಬಂದು ಓಟು ಹಾಕಿದವರು ಮೂರು ಸಾವಿರಕ್ಕೂ ಕಡಿಮೆ, ಅವರಲ್ಲೂ ಹೆಚ್ಚಿನವರು ಕೇರಳದವರು.

ನನ್ನದು ಇದರ ತಿರುಗಾಮುರುಗಾ. ಅಮೆರಿಕದಲ್ಲಿ 1986ರಿಂದ ಒಂದು ಕಾನೂನಿದೆ: ಹೊರದೇಶದಲ್ಲಿರುವ ಪ್ರಜೆ ಅಮೆರಿಕದಲ್ಲಿ ಕೊನೆಗೆ ವಾಸವಿದ್ದ ವಿಳಾಸದಿಂದ ಓಟು ಹಾಕಬಹುದು. 2009ರ ಇನ್ನೊಂದು ಕಾನೂನಿನ ಪ್ರಕಾರ, ಅರ್ಜಿ ಹಾಕಿದವರಿಗೆ ಚುನಾವಣೆಗೆ 45 ದಿನ ಮೊದಲೇ ಮತಪತ್ರ ಹೊರಡಬೇಕು, ಬೇಕೆಂದರೆ ಇ-ಮೇಲಿನಲ್ಲಿ. ಅರ್ಜಿಗೆ ಹೆಸರು ಪೋಸ್ಟ್ ಕಾರ್ಡ್ ಅಂತ. ನೋಡಲು ಕಾರ್ಡಿನ ಹಾಗಿಲ್ಲ, ಒಂದು ಫಾರಂ ಅಷ್ಟೆ.

ಆ ಫಾರಮಿನಲ್ಲಿ ಜನ್ಮದಿನ, ಹಳೆ ವಿಳಾಸ ಎಲ್ಲ ಸಲೀಸಾಗಿ ಹೋಯಿತು. ಒಂದು ಚೌಕದ ಹತ್ತಿರ ಪೆನ್ನು ನಿಂತಿತು. ಹೊರದೇಶದಲ್ಲಿದ್ದೇನೆ, ಮರಳುವ ಉದ್ದೇಶವಿದೆ. ಅಥವಾ, ಮರಳುವುದು ಖಚಿತವಿಲ್ಲ. ಎರಡರಲ್ಲಿ ಒಂದಕ್ಕೆ ಗುರುತು ಹಾಕಬೇಕು. ಮಗಳು ಅಲ್ಲೇ ಇದ್ದಾಳೆ, ಮೊಮ್ಮಗ ಬಾಲವಾಡಿಗೆ ಹೋಗುತ್ತಾನೆ. ಯಜಮಾನರ ಸಂಸ್ಕಾರ ಆದದ್ದೂ ಅಲ್ಲಿ. ಮಗಳು ಫೋನಿನಲ್ಲಿ ಪ್ರತಿ ವಾರ "ಅಮ್ಮ, ಯಾವಾಗ ಬರ್ತೀರಿ?" ಅಂದರೆ "ಅಡಿಕೆ ಕೊಯ್ಲು ಆಗಲಿ" ಅನ್ನುತ್ತೇನೆ. ಅವಳಿಗೆ ಹಾಗೆ ಹೇಳಿ ಜಾರಿಕೊಳ್ಳಬಹುದು, ಸರಕಾರಕ್ಕೆ ಸಹಿ ಹಾಕಿ ಹೇಳಬೇಕಲ್ಲ! ಎರಡು ದಿನ ಫಾರಂ ಮೇಜಿನ ಮೇಲೆಯೇ ಇತ್ತು. ಕೊನೆಗೆ ಖಚಿತವಿಲ್ಲ ಎಂಬ ಚೌಕಕ್ಕೆ ಗುರುತು ಹಾಕಿದೆ. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಅದಕ್ಕೊಂದು ಬೆಲೆಯುಂಟು: ಅನಿರ್ದಿಷ್ಟ ಕಾಲ ಹೊರಗಿರುವವರಿಗೆ ಕೇಂದ್ರದ ಓಟು ಮಾತ್ರ. ಅಧ್ಯಕ್ಷ, ಸೆನೆಟರ್, ಕಾಂಗ್ರೆಸ್ ಸದಸ್ಯ. ರಾಜ್ಯದ ಅಟಾರ್ನಿ ಜನರಲ್ ಯಾರಾಗಬೇಕು ಎಂದು ಕೇಳುವುದಿಲ್ಲ. ನ್ಯಾಯವೇ ಅನ್ನಿ. ಅಲ್ಲಿಯ ರಸ್ತೆಯ ಗುಂಡಿ ಈಗ ನನ್ನದಲ್ಲ.

ಅಣ್ಣನಿಗೆ ಅಷ್ಟೂ ಒಪ್ಪಿಗೆಯಾಗಲಿಲ್ಲ. "ಅಲ್ಲಿ ಇಲ್ಲದವಳಿಗೆ ಅಲ್ಲಿಯ ಓಟು ಎಂತಕ್ಕೆ?"

"ಇಲ್ಲಿ ಕೂತರೂ ಅವರಿಗೆ ವರ್ಷ ವರ್ಷ ತೆರಿಗೆಯ ಲೆಕ್ಕ ಕೊಡ್ತೇನಲ್ಲ" ಅಂದೆ. ಅಮೆರಿಕ ತನ್ನ ಪ್ರಜೆಗಳನ್ನು ಲೋಕದ ಯಾವ ಮೂಲೆಯಲ್ಲಿದ್ದರೂ ಬಿಡುವುದಿಲ್ಲ. ಅಣ್ಣ ಸುಮ್ಮನಾದದ್ದು ತೆರಿಗೆಯ ಮಾತಿಗೆ, ನನ್ನ ವಾದಕ್ಕಲ್ಲ. ಅವನ ಪ್ರಶ್ನೆ ನನಗೂ ಉಂಟು. ಆದರೆ ವಾಸವೂ ರಾಜ್ಯವೂ ಒಂದಕ್ಕೊಂದು ಸರಿಯಾಗಿ ಕೂರಬೇಕೆಂದು ನಮ್ಮ ಕಾಸರಗೋಡಿನವರು ಹೇಳುವುದು ಕಷ್ಟ. ಅಪ್ಪ ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯವರಾಗಿ ಹುಟ್ಟಿದವರು, 1956ರ ನವೆಂಬರ್ 1ಕ್ಕೆ ಕೇರಳದವರಾದರು. ಜಗಲಿಯಿಂದ ಇಳಿದದ್ದೂ ಇಲ್ಲ. ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ವರದಿ ಹೇಳಿದ್ದನ್ನು ಸಾಯುವವರೆಗೂ ನೆನಪಿಸುತ್ತಿದ್ದರು.

2024ರ ಸೆಪ್ಟೆಂಬರ್ ಕೊನೆಗೆ ಮತಪತ್ರ ಇ-ಮೇಲಿಗೆ ಬಂತು. ಮನೆಯಲ್ಲಿ ಪ್ರಿಂಟರ್ ಇಲ್ಲ, ಪೇಟೆಯ ಝೆರಾಕ್ಸ್ ಅಂಗಡಿಗೆ ಹೋದೆ. ಹುಡುಗ ಫೈಲು ತೆರೆದು ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಪರದೆ ನೋಡಿದ.

"ಆಂಟೀ, ಇದು ಟ್ರಂಪ್‌ನ ಓಟಾ?"

"ಅವನದ್ದೂ ಉಂಟು, ಬೇರೆಯವರದ್ದೂ ಉಂಟು. ಗುರುತು ಇನ್ನೂ ಹಾಕ್ಲಿಲ್ಲ, ನೋಡಬಹುದು."

"ಚಿಹ್ನೆ ಕಾಣುದಿಲ್ಲಲ್ಲ?"

ಅಲ್ಲಿಯ ಮತಪತ್ರದಲ್ಲಿ ಚಿಹ್ನೆಯಿಲ್ಲ, ಹೆಸರು ಮತ್ತು ಪಕ್ಷ ಮಾತ್ರ ಅಂದೆ. ಅವನು ಇನ್ನಷ್ಟು ಬಗ್ಗಿ ಓದಿ ನಕ್ಕ. "ಕಮಲ ಉಂಟಲ್ಲ ಇಲ್ಲಿ!" ಪಕ್ಕದಲ್ಲಿ ಆಧಾರ್ ಪ್ರತಿ ಮಾಡಿಸಲು ನಿಂತಿದ್ದ ಇಬ್ಬರೂ ಇಣುಕಿದರು. ಆಮೇಲೆ ಕಮಲಾ ಹ್ಯಾರಿಸ್ ಅವರ ತಾಯಿ ಚೆನ್ನೈಯವರು ಎಂಬಲ್ಲಿಂದ ಶುರುವಾಗಿ ಅಡಿಕೆ ಧಾರಣೆಯವರೆಗೆ ಮಾತು ಹೋಯಿತು. ಅಮೆರಿಕದ ಕಾಗದ ನಮ್ಮ ಎ4ಗಿಂತ ಗಿಡ್ಡ, ಅಗಲ ಸ್ವಲ್ಪ ಜಾಸ್ತಿ. ಹುಡುಗ ಅಂಚು ತುಂಡಾಗದ ಹಾಗೆ ಚಿಕ್ಕದು ಮಾಡಿ ತೆಗೆದುಕೊಟ್ಟ. ಹೀಗೆ ಮನೆಯಲ್ಲಿ ಅಚ್ಚಾದ ಮತಪತ್ರ ಅಲ್ಲಿಯ ಯಂತ್ರಕ್ಕೆ ಹೋಗುವುದಿಲ್ಲ. ಅಧಿಕಾರಿಗಳು ಅದನ್ನು ನೋಡಿ ಸರಿಯಾದ ಮತಪತ್ರಕ್ಕೆ ಗುರುತು ಇಳಿಸಿ ಎಣಿಕೆಗೆ ಕೊಡುತ್ತಾರೆ.

ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡು ಗುರುತು ಹಾಕಿದೆ. ಅಧ್ಯಕ್ಷರದ್ದು ಕ್ಷಣದ ಕೆಲಸ. ಸೆನೆಟಿನದ್ದಕ್ಕೆ ಮಗಳು ಕಳಿಸಿದ್ದ ಚರ್ಚೆಯ ವಿಡಿಯೋ ಮತ್ತೊಮ್ಮೆ ನೋಡಿದೆ. ಮತಪತ್ರ ಹೆಸರಿಲ್ಲದ ಒಳಲಕೋಟೆಗೆ, ಸಹಿ ಮಾಡಿದ ಘೋಷಣೆಯೊಂದಿಗೆ ಅದು ಹೊರಲಕೋಟೆಗೆ. ಕೆಲವು ರಾಜ್ಯಗಳು ಫ್ಯಾಕ್ಸನ್ನೋ ಇ-ಮೇಲನ್ನೋ ಒಪ್ಪುತ್ತವೆ, ಪೆನ್ಸಿಲ್ವೇನಿಯಾಕ್ಕೆ ಕಾಗದವೇ ಬೇಕು. ಚೆನ್ನೈಯ ಅಮೆರಿಕನ್ ಕಾನ್ಸುಲೇಟಿಗೆ ಒಪ್ಪಿಸಬಹುದು. ಒಂದು ಲಕೋಟೆಗಾಗಿ ರಾತ್ರಿ ಪೂರ್ತಿ ರೈಲಿನಲ್ಲಿ ಕೂರುವ ಪ್ರಾಯ ನನ್ನದಲ್ಲ. ಆಯುಧಪೂಜೆಯ ರಜೆ ಬರುವ ಮೊದಲು ಬಸ್ಸು ಹತ್ತಿ ಕಾಸರಗೋಡಿನ ಹೆಡ್ ಪೋಸ್ಟಾಫೀಸಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿದೆ. ಒಳಗೆ ಎಂತ ಎಂದು ಕೌಂಟರಿನಾಕೆ ಮಲಯಾಳದಲ್ಲಿ ಕೇಳಿದರು. ಓಟು ಅಂದಾಗ ಕಂಪ್ಯೂಟರಿನಲ್ಲಿ ಅದಕ್ಕೆ ಜಾಗವಿಲ್ಲದ ಕಾರಣ ದಾಖಲೆಪತ್ರ ಎಂದು ಬರೆದುಕೊಂಡರು.

ಅಣ್ಣನ ಮಗನಿಗೆ ರಶೀದಿಯ ಫೋಟೋ ಕಳಿಸಿದೆ. ಅವನಿಂದ ಬಂದದ್ದು ಒಂದೇ ಸಾಲು: "ಅತ್ತೇ, ನಿಮ್ಮದು ಕಾಗದ ಹೋದರೆ ಸಾಕು, ನನ್ನದು ಮೈಯೇ ಬರಬೇಕು." ಅವನ ಸಿಟ್ಟು ಸುಮ್ಮನೆ ಅಲ್ಲ. ಭಾರತದ ಸೈನಿಕರಿಗೆ ಕೆಲವು ವರ್ಷಗಳಿಂದ ಮತಪತ್ರ ಇಂಟರ್ನೆಟ್ಟಿನಲ್ಲೇ ಬರುತ್ತದೆ, ಇಳಿಸಿಕೊಂಡು ಅಚ್ಚು ಮಾಡಿ, ಗುರುತು ಹಾಕಿ ಅಂಚೆಯಲ್ಲಿ ತಿರುಗಿ ಕಳಿಸುತ್ತಾರೆ. ನಾನು ಮಾಡಿದ್ದೂ ಅದನ್ನೇ. ಹೊಸದಾಗಿ ಕಂಡುಹಿಡಿಯುವುದಕ್ಕೆ ಏನೂ ಇಲ್ಲ. ಶಾರ್ಜಾದಲ್ಲಿ ಕೂಲಿಕಾರರ ಕ್ಯಾಂಪಿನಲ್ಲಿ ಒಬ್ಬರೇ ಕೂತು ಗುರುತು ಹಾಕಲು ಸಾಧ್ಯವೇ, ಮೇಸ್ತ್ರಿಯೋ ಧಣಿಯೋ ಪಕ್ಕದಲ್ಲಿ ನಿಲ್ಲುವುದಿಲ್ಲವೇ ಎಂಬುದು ಬೇರೆ ಪ್ರಶ್ನೆ, ಅದು ನಿಜವಾದ ಪ್ರಶ್ನೆ. ನನಗಾದರೆ ಬಾಗಿಲು ಹಾಕಿಕೊಳ್ಳಲು ಒಂದು ಕೋಣೆಯಿತ್ತು.

ದೀಪಾವಳಿಗೆ ಮೊದಲೇ ಕೌಂಟಿಯಿಂದ, ಅಂದರೆ ಅಲ್ಲಿಯ ಜಿಲ್ಲಾ ಕಚೇರಿಯಿಂದ, ಲಕೋಟೆ ತಲುಪಿದ ಸುದ್ದಿ ಬಂತು. ನವೆಂಬರ್ 5ರ ಓಟಿನಲ್ಲಿ ಅಧ್ಯಕ್ಷರು ಯಾರೆಂದು ನಮಗೆ ಮರುದಿನವೇ ಗೊತ್ತಾಯಿತು. ಸೆನೆಟಿನದ್ದು ಎಳೆಯಿತು. ಹೊರದೇಶದ ಮತಪತ್ರಗಳು ಚುನಾವಣೆ ಕಳೆದು ಒಂದು ವಾರದೊಳಗೆ ತಲುಪಿದರೂ ಅಲ್ಲಿ ಎಣಿಸುತ್ತಾರೆ. ಸುಮಾರು 70 ಲಕ್ಷ ಓಟಿನಲ್ಲಿ ರಿಪಬ್ಲಿಕನ್ ಪಕ್ಷದ ಮೆಕಾರ್ಮಿಕ್ ಮತ್ತು ಡೆಮಾಕ್ರಟಿಕ್ ಪಕ್ಷದ ಕೇಸಿ ನಡುವೆ ಉಳಿದ ಅಂತರ ಅರ್ಧ ಶೇಕಡಕ್ಕಿಂತ ಕಡಿಮೆಯಾಗಿ ಮರುಎಣಿಕೆ ಶುರುವಾಯಿತು, ಕೊನೆಗೆ ಕೇಸಿ ಸೋಲೊಪ್ಪಿಕೊಂಡರು. ಅಣ್ಣ ಅಷ್ಟು ದಿನವೂ ಸಂಜೆ ಕಾಫಿಗೆ ಕೂತಾಗ ಅದನ್ನೇ ಕೇಳುತ್ತಿದ್ದ.

"ಎಷ್ಟರ ಅಂತರ?"

"ಹದಿನೈದು ಸಾವಿರ."

"ಅಷ್ಟಕ್ಕೆ ಮರುಎಣಿಕೆಯಾ? ನಮ್ಮ ಮಂಜೇಶ್ವರದಲ್ಲಿ ಅಷ್ಟು ಬಂದರೆ ಪಟಾಕಿ ಮೂರು ದಿನ ಹೊಡೀತಾರೆ."

ಪೋಸ್ಟ್ ಕಾರ್ಡ್ ಅರ್ಜಿ ಪ್ರತಿ ವರ್ಷ ಹೊಸದಾಗಿ ಹಾಕಬೇಕು. ಜನವರಿಯಲ್ಲಿ ಮತ್ತೆ ಹಾಕಿದೆ, ಅದೇ ಚೌಕಕ್ಕೆ ಗುರುತು.